ಮೂರು ಬೇಸಿನ್ ನೀರು, ಲಾಕ್, ಬಾರ್ಕ್ಲಿ: ತರಗತಿಯಲ್ಲಿ ಮಾಡಿ ತೋರಿಸುವುದು ಹೇಗೆ, ಅದರಿಂದ ಸಾಬೀತಾಗುವುದು ಏನು?

ಹೇಮಾವತಿ ದಂಡೆ (ಹಾಸನ):

ಹಾಸನದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಒಂದೂವರೆ ಗಂಟೆಯ ಕಮ್ಮಟವೊಂದನ್ನು ನಡೆಸಬೇಕಿದೆ. ವಿಷಯ ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಗ್ರಹಿಕೆ ಮತ್ತು ಜ್ಞಾನ. ಸುಮಾರು 30 ಜನ ಬರುತ್ತಾರೆ, ಅರ್ಧಕ್ಕರ್ಧ ಬಿ.ಎಸ್ಸಿ.ಯವರು, ತತ್ತ್ವಶಾಸ್ತ್ರ ಓದಿದವರು ಒಬ್ಬರೂ ಇಲ್ಲ. ಪ್ಲೇಟೋನಿಂದ ಕಾಂಟ್‌ವರೆಗೆ ಹೆಸರು, ಇಸವಿ ಒಪ್ಪಿಸುತ್ತಾ ಹೋದರೆ ಹತ್ತೇ ನಿಮಿಷಕ್ಕೆ ಆಕಳಿಕೆ ಶುರು. ಅದಕ್ಕೇ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಹೇಳಿದ ನೀರಿನ ಉದಾಹರಣೆಯನ್ನು ಮಾಡಿಯೇ ತೋರಿಸೋಣ ಅಂತ. ಒಂದು ಕೈ ಬಿಸಿನೀರಲ್ಲಿ, ಇನ್ನೊಂದು ತಣ್ಣೀರಲ್ಲಿ, ಆಮೇಲೆ ಎರಡೂ ಒಂದೇ ಉಗುರುಬೆಚ್ಚಗಿನ ನೀರಲ್ಲಿ.

ನೀರಿನ ಬಿಸಿ ಎಷ್ಟಿರಬೇಕು, ಎಷ್ಟು ಹೊತ್ತು ಕೈ ಇಡಬೇಕು? ನನ್ನ ಬಳಿಯ ಟಿಪ್ಪಣಿಯಲ್ಲಿ "ಆದ್ದರಿಂದ ಬಿಸಿ ಎಂಬುದು ನೀರಿನಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ" ಎಂದಿದೆ. ಬಿ.ಎಸ್ಸಿ. ಹುಡುಗರು ಥರ್ಮಾಮೀಟರ್ ಅದ್ದಿ "ಇಲ್ಲೇ ಇದೆಯಲ್ಲ ಸರ್, 30 ಡಿಗ್ರಿ" ಎಂದರೆ ಏನು ಹೇಳಲಿ? ಮತ್ತೆ, ಇದೇ ಅವಧಿಯಲ್ಲಿ ಜ್ಞಾನದ ವ್ಯಾಖ್ಯೆಗೂ ಬರಬಹುದೇ, ಅಥವಾ ಕೈಬಿಡಲೇ?

ಗಿರಿಯ ಗಾಳಿ (ಚಿಕ್ಕಮಗಳೂರು):

ಮೊದಲು ನೀರಿನ ಲೆಕ್ಕ ಮುಗಿಸೋಣ. ಒಂದೇ ಅಳತೆಯ ಮೂರು ಪ್ಲಾಸ್ಟಿಕ್ ಬೇಸಿನ್ ತನ್ನಿ. ಸ್ಟೀಲ್ ಬೇಡ. ಕೈ ತಳಕ್ಕೋ ಅಂಚಿಗೋ ತಗುಲಿದರೆ ಲೋಹ ಬೇರೆಯದೇ ತಂಪು ಕೊಟ್ಟು ಗೊಂದಲ ಮಾಡುತ್ತದೆ. ಒಂದೊಂದರಲ್ಲಿ 3 ಲೀಟರ್. ತಣ್ಣೀರು 15 ಡಿಗ್ರಿ, ನಡುವಿನದು 30, ಬಿಸಿಯದು 41. ಬಿಸಿಯನ್ನು 42ರ ಮೇಲೆ ಒಯ್ಯಬೇಡಿ, ಅಲ್ಲಿಂದಾಚೆ ಬಿಸಿಯ ಅನುಭವ ನೋವಾಗಲು ಹೆಚ್ಚು ದೂರವಿಲ್ಲ.

ನಲ್ಲಿ ನೀರು 25 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. 15ಕ್ಕೆ ಇಳಿಸಲು 300 ಗ್ರಾಂನಷ್ಟು ಐಸ್ ಸಾಕು, 15 ಮುಟ್ಟಿದ ಕೂಡಲೇ ಉಳಿದ ತುಂಡುಗಳನ್ನು ಎತ್ತಿಬಿಡಿ. 41ಕ್ಕೆ ಏರಿಸಲು 3 ಲೀಟರಿನಲ್ಲಿ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ ಕುದಿಯುವ ನೀರು, 30ಕ್ಕೆ ಸುಮಾರು 200 ಮಿ.ಲೀ. (ಹಾಸನದ ಎತ್ತರದಲ್ಲಿ ನೀರು ಕುದಿಯುವುದೇ 97ರ ಆಸುಪಾಸು, ಲೆಕ್ಕ ಹಾಕುವ ಹುಡುಗರು 100 ಹಿಡಿದರೆ ತಿದ್ದಿ.) ಅಡುಗೆಮನೆಯಲ್ಲಿ ಮೊದಲೇ ಬೆರೆಸಿ ತಂದರೆ ಬಿಸಿಯದು ಆರಿ 36ಕ್ಕೆ ಬಂದಿರುತ್ತದೆ, ಆಗ ಪ್ರಯೋಗ ಸಪ್ಪೆ. ಫ್ಲಾಸ್ಕಿನಲ್ಲಿ ತಂದು ಅಲ್ಲೇ ಬೆರೆಸಿ.

ಕೈಯನ್ನು ಎರಡು ನಿಮಿಷ ಪೂರ್ತಿ ಮುಳುಗಿಸಿಡಲಿ. ಕಣ್ಣು ಮುಚ್ಚಿಸಿ, ಎರಡೂ ಕೈ ಒಟ್ಟಿಗೆ ನಡುವಿನ ಬೇಸಿನ್ನಿಗೆ. ಮೊದಲ ಹತ್ತು ಸೆಕೆಂಡಿನಲ್ಲೇ ಉತ್ತರ ಕೇಳಿ. ಆಮೇಲೆ ಎರಡೂ ಕೈ ಹೊಸ ನೀರಿಗೆ ಒಗ್ಗಿಕೊಳ್ಳುತ್ತಾ ವ್ಯತ್ಯಾಸ ಕರಗುತ್ತದೆ. "ಬಿಸಿಯೋ ತಣ್ಣಗೋ" ಎಂದು ಕೇಳಿದರೆ ಮಕ್ಕಳು ನೀವು ಬಯಸುವ ಉತ್ತರವನ್ನೇ ಕೊಡುತ್ತಾರೆ. "ಎಡಗೈ ನೀರು ಎಷ್ಟು ಡಿಗ್ರಿ, ಬಲಗೈಯದು ಎಷ್ಟು" ಎಂದು ಕೇಳಿ ಸಂಖ್ಯೆ ಬರೆಸಿಕೊಳ್ಳಿ. 30 ಜನರೂ ಒಂದೇ ಬೇಸಿನ್ನಿಗೆ ಕೈ ಹಾಕಿದರೆ ತಣ್ಣೀರು ಬಿಸಿಯಾಗುತ್ತಾ ಹೋಗುತ್ತದೆ. ಐದಾರು ಜನ ಸಾಕು, ಪ್ರತಿಯೊಬ್ಬರ ನಂತರವೂ ಥರ್ಮಾಮೀಟರ್ ನೋಡಿ.

ಇನ್ನು ಆ ಟಿಪ್ಪಣಿಯ ವಾಕ್ಯ. ಅದು ಲಾಕ್‌ನದಲ್ಲ. 1690ರ ಇಸವಿ ಹೊತ್ತು ಬಂದ ಆತನ ಪ್ರಬಂಧದ ಎರಡನೇ ಭಾಗ, ಎಂಟನೇ ಅಧ್ಯಾಯ ನೋಡಿ. ಆಕಾರ, ಗಾತ್ರ, ಘನತೆ, ಚಲನೆ, ಸಂಖ್ಯೆ ಇವು ಪ್ರಾಥಮಿಕ ಗುಣಗಳು. ಬಣ್ಣ, ರುಚಿ, ಬಿಸಿ ಇವು ದ್ವಿತೀಯಕ ಗುಣಗಳು. ಆದರೆ ದ್ವಿತೀಯಕ ಗುಣ ಎಂದರೆ ನಮ್ಮಲ್ಲಿ ಒಂದು ಸಂವೇದನೆ ಹುಟ್ಟಿಸುವ ಶಕ್ತಿ, ಆ ಶಕ್ತಿ ಇರುವುದು ವಸ್ತುವಿನಲ್ಲೇ. ವಸ್ತುವಿನಲ್ಲಿ ಇಲ್ಲದ್ದು ಯಾವುದು ಎಂದರೆ ನಮಗೆ ಆದ ಅನುಭವದ ಪಡಿಯಚ್ಚು. ಬೆಂಕಿಯ ಹತ್ತಿರ ಹೋದರೆ ಹಿತ, ಇನ್ನೂ ಹತ್ತಿರ ಹೋದರೆ ನೋವು. ನೋವು ಬೆಂಕಿಯಲ್ಲಿದೆ ಎಂದು ಯಾರೂ ಹೇಳದಿರುವಾಗ ಹಿತ ಮಾತ್ರ ಬೆಂಕಿಯಲ್ಲಿದೆ ಎನ್ನಲು ಕಾರಣವೇನು ಎಂಬುದು ಆತನ ಪ್ರಶ್ನೆ.

ಹಾಗಾಗಿ ಥರ್ಮಾಮೀಟರ್ ತೋರಿಸುವ ಹುಡುಗ ಲಾಕ್‌ನ ಎದುರಾಳಿಯಲ್ಲ, ಅವನ ಕಡೆಯವನೇ. ಬಿಸಿ ಎಂದರೆ ನಮ್ಮ ನರಗಳಲ್ಲಿನ ಸೂಕ್ಷ್ಮ ಕಣಗಳ ಚಲನೆಯಲ್ಲಿ ಆಗುವ ಏರಿಳಿತ ಎಂದು ಹಿಡಿದರೆ ಒಂದೇ ನೀರು ಒಂದು ಕೈಯಲ್ಲಿ ಆ ಚಲನೆಯನ್ನು ಹೆಚ್ಚಿಸಿ ಇನ್ನೊಂದರಲ್ಲಿ ತಗ್ಗಿಸುವುದು ಸಹಜ ಎಂದು ಲಾಕ್ ವಿವರಿಸುತ್ತಾನೆ. ಗಮನಿಸಿ, ಇದು ವಿವರಣೆ. ಕಣಗಳ ಸಿದ್ಧಾಂತವನ್ನು ಒಪ್ಪಿಕೊಂಡಾಗಿದೆ, ಅದರ ಬಲದಿಂದ ಒಂದು ವಿಚಿತ್ರವನ್ನು ಬಿಡಿಸಿದ್ದಾನೆ. ಇದೇ ನೀರನ್ನು ವಾದವನ್ನಾಗಿ ತಿರುಗಿಸಿದವನು ಐರ್ಲೆಂಡಿನ ತತ್ತ್ವಜ್ಞಾನಿ ಬಾರ್ಕ್ಲಿ, 1713ರ ಮೂರು ಸಂವಾದಗಳಲ್ಲಿ ಮೊದಲನೆಯದರಲ್ಲಿ: ಅನುಭವಕ್ಕೆ ಬಂದ ಬಿಸಿ, ತಂಪು ಎರಡೂ ನೀರಿನಲ್ಲೇ ಇವೆ ಎಂದರೆ ಒಂದೇ ನೀರು ಏಕಕಾಲಕ್ಕೆ ಬಿಸಿಯೂ ತಣ್ಣಗೂ ಆಗಬೇಕು, ಅದು ಅಸಂಬದ್ಧ. ಟಿಪ್ಪಣಿ ಬರೆದವರು ಇಬ್ಬರನ್ನೂ ಒಂದೇ ಬೇಸಿನ್ನಿಗೆ ಸುರಿದಿದ್ದಾರೆ.

ಕಾಳುಮೆಣಸು (ಕೊಪ್ಪ):

ನೀರು ಹೊತ್ತು ತರುವುದಕ್ಕೆ ಮುಂಚೆ ಒಂದು ಹಿಡಿ ಕಾಳುಮೆಣಸು ಜೇಬಿಗೆ ಹಾಕಿಕೊಳ್ಳಿ ಮಾರಾಯ್ರೆ. ಖರ್ಚೂ ಕಡಿಮೆ, 30 ಜನರೂ ಒಟ್ಟಿಗೆ ಮಾಡಬಹುದು.

ತೋರುಬೆರಳ ಮೇಲೆ ನಡುಬೆರಳನ್ನು ಹೆಣೆದು ದಾಟಿಸಿ. ಎರಡೂ ತುದಿಗಳ ನಡುವಿನ ಕವಲಿನಲ್ಲಿ ಒಂದೇ ಕಾಳು ಇಟ್ಟು, ಕಣ್ಣು ಮುಚ್ಚಿ, ಮೇಜಿನ ಮೇಲೆ ಹಗುರವಾಗಿ ಉರುಳಿಸಿ. ಕಾಳು ಎರಡಿದ್ದಂತೆ ಅನಿಸುತ್ತದೆ. ಅರಿಸ್ಟಾಟಲ್ ಬರೆದಿಟ್ಟ ಹಳೆಯ ಚಮತ್ಕಾರ. ಬೆರಳುಗಳು ಸಹಜವಾಗಿ ಇದ್ದಾಗ ಅವುಗಳ ಹೊರಬದಿಗಳನ್ನು ಒಂದೇ ಸಣ್ಣ ವಸ್ತು ಒಟ್ಟಿಗೆ ಮುಟ್ಟಲು ಸಾಧ್ಯವಿಲ್ಲ, ಹೆಣೆದಾಗ ಮುಟ್ಟುತ್ತದೆ, ಅದಕ್ಕೇ ಎರಡು. ಕೈಕೊಡುವುದು ಮೂರು ಕಾರಣಕ್ಕೆ. ಬೆರಳು ಸಾಕಷ್ಟು ಹೆಣೆದಿರುವುದಿಲ್ಲ, ಅಥವಾ ಕಾಳನ್ನು ಒತ್ತಿ ಹಿಡಿದು ಉರುಳಿಸುವುದಿಲ್ಲ, ಅಥವಾ ಕಾಳು ತೀರಾ ಸಣ್ಣದು. 5 ಮಿ.ಮೀ. ದಾಟಿದ ದಪ್ಪ ಕಾಳು ಆರಿಸಿ. ದಪ್ಪ ಬೆರಳಿನವರಿಗೆ ಒಣ ಬಟಾಣಿ ಕೊಡಿ. ಕಾಫಿ ಬೀಜ ಬೇಡ, ಒಂದು ಬದಿ ಚಪ್ಪಟೆ, ಉರುಳುವುದಿಲ್ಲ.

ಇದನ್ನು ಯಾಕೆ ಹೇಳಿದೆ ಎಂದರೆ, ಮೇಲಿನವರು ಕೊಟ್ಟ ಪಟ್ಟಿ ಮತ್ತೊಮ್ಮೆ ನೋಡಿ. ಸಂಖ್ಯೆ ಲಾಕ್‌ನ ಪ್ರಕಾರ ಪ್ರಾಥಮಿಕ ಗುಣ. ನೀರಿನ ಉದಾಹರಣೆ ಕೊಟ್ಟ ಜಾಗದಲ್ಲೇ ಆತ ಆಕಾರ ಹೀಗೆ ಆಟ ಆಡುವುದಿಲ್ಲ, ಒಂದು ಕೈಗೆ ಗೋಳವಾದದ್ದು ಇನ್ನೊಂದು ಕೈಗೆ ಚೌಕವಾಗುವುದಿಲ್ಲ ಎಂದು ಸೇರಿಸುತ್ತಾನೆ. ಕಾಳುಮೆಣಸಿನ ಎದುರು ಆ ಗೆರೆ ಅಲುಗಾಡುತ್ತದೆ. ಒಂದು ಎರಡಾಗಿ ತೋರಿತಲ್ಲ! ತೋರಿಕೆ ಬದಲಾಗುತ್ತದೆ ಎಂಬುದೇ ದ್ವಿತೀಯಕ ಗುಣದ ಗುರುತಾದರೆ ಸಂಖ್ಯೆಯೂ ಆ ಕಡೆ ಹೋಗಬೇಕು. ಬಾರ್ಕ್ಲಿ ಗಾತ್ರ, ಆಕಾರಗಳ ಬಗ್ಗೆ ಇದನ್ನೇ ಮಾಡುತ್ತಾನೆ: ನುಸಿಯಂಥ ಹುಳಕ್ಕೆ ತನ್ನ ಕಾಲು ಕಾಣುವ ಗಾತ್ರ ಬೇರೆ, ನಮಗೆ ಕಾಣುವುದು ಬೇರೆ, ನಿಜವಾದ ಗಾತ್ರ ಯಾವುದು?

ಗಿರಿಯ ಗಾಳಿ:

ಕಾಳುಮೆಣಸಿನ ಪ್ರಯೋಗ ಚೆನ್ನಾಗಿದೆ, ಆದರೆ ಲಾಕ್‌ಗೆ ಪೆಟ್ಟು ಬಿತ್ತು ಎನ್ನಲಾರೆ. ತೋರಿಕೆ ಬದಲಾಗುವುದೇ ಗುರುತು ಎಂದು ಆತ ಎಲ್ಲೂ ಹೇಳಿಲ್ಲ. ಧಾನ್ಯದ ಕಾಳನ್ನು ಎಷ್ಟು ಒಡೆದರೂ ಪ್ರತಿ ಚೂರಿನಲ್ಲೂ ಉಳಿಯುವವು ಪ್ರಾಥಮಿಕ ಗುಣಗಳು, ಆ ಗುಣಗಳೇ ಉಳಿದ ಸಂವೇದನೆಗಳಿಗೆ ಕಾರಣವನ್ನೂ ಕೊಡುತ್ತವೆ, ಇದು ಆತನ ಆಧಾರ. ಎರಡಾಗಿ ತೋರಿದ್ದು ಯಾಕೆ ಎಂದು ನೀವೇ ವಿವರಿಸಿದಾಗ ಬಳಸಿದ್ದು ಬೆರಳಿನ ಬದಿ, ಸ್ಥಾನ, ಒಂದೇ ಕಾಳು. ಎಲ್ಲವೂ ಪ್ರಾಥಮಿಕ ಗುಣಗಳೇ.

ಕಾಳುಮೆಣಸು:

ಲಾಕ್‌ನ ಮಟ್ಟಿಗೆ ಒಪ್ಪಿದೆ. ಆದರೆ ತೋರಿಕೆ ಬದಲಾಗುವುದನ್ನೇ ಗುರುತು ಮಾಡಿಕೊಂಡ ಆ ಟಿಪ್ಪಣಿಯ ವಿರುದ್ಧ ನನ್ನ ಮಾತು ಗಟ್ಟಿಯಾಗಿಯೇ ಉಳಿಯುತ್ತದೆ.

ತರ್ಕದ ತಂಟೆ (ಬೇಲೂರು):

ನೀರೋ ಮೆಣಸೋ, ಪ್ರಯೋಗ ಮುಗಿದ ಮೇಲೆ ಬೋರ್ಡಿನ ಮೇಲೆ ವಾದವನ್ನು ಬಿಡಿಸಿ ಬರೆಯದಿದ್ದರೆ ಕಮ್ಮಟ ಮ್ಯಾಜಿಕ್ ಶೋ ಆಗುತ್ತದೆ. ಹೀಗೆ ಬರೆಯಿರಿ: (ಕ) ನೀರು ಎಡಗೈಗೆ ತಣ್ಣಗೆ, ಬಲಗೈಗೆ ಬೆಚ್ಚಗೆ ತೋರುತ್ತಿದೆ. (ಚ) ಏನಾದರೂ ತಣ್ಣಗೆ ತೋರಿದರೆ, ನಿಜವಾಗಿಯೂ ತಣ್ಣಗಿರುವ ಏನೋ ಒಂದು ನನ್ನ ಅರಿವಿಗೆ ಬಂದಿದೆ. (ಟ) ಒಂದೇ ನೀರು ತಣ್ಣಗೂ ಬೆಚ್ಚಗೂ ಇರಲಾರದು. (ತ) ಆದ್ದರಿಂದ ನನ್ನ ಅರಿವಿಗೆ ಬಂದದ್ದು ನೀರಲ್ಲ, ನನ್ನೊಳಗಿನ ಏನೋ. (ಪ) ಈಗ ಹೀಗಾದರೆ ಎಲ್ಲ ಗ್ರಹಿಕೆಯೂ ಹೀಗೆಯೇ.

ಬೇಸಿನ್ನಿನಿಂದ ಬಂದದ್ದು ಕ ಮಾತ್ರ. ಚ ಎಲ್ಲಿಂದ ಬಂತು? ಯಾವ ನೀರಿನಿಂದಲೂ ಬರಲಿಲ್ಲ, ತತ್ತ್ವಜ್ಞಾನಿ ಹೊರಗಿನಿಂದ ತಂದು ಸೇರಿಸಿದ್ದು. ಇಪ್ಪತ್ತನೇ ಶತಮಾನದಲ್ಲಿ ಇಂದ್ರಿಯದತ್ತ (ವಸ್ತುವಿನ ಬದಲು ನಮ್ಮ ಅರಿವಿಗೆ ನೇರವಾಗಿ ಬರುತ್ತದೆ ಎನ್ನಲಾದ ತೋರಿಕೆ) ಎಂಬ ಮಾಲನ್ನು ನಿಲ್ಲಿಸಿದ್ದೂ ಈ ಕಂಬದ ಮೇಲೆಯೇ. ಇಡೀ ಕಮ್ಮಟದಲ್ಲಿ ಅವರು ಒಂದೇ ಒಂದು ವಿಷಯ ಕಲಿತು ಹೋಗುವುದಾದರೆ ಅದು ಕ ಮತ್ತು ಚ ನಡುವಿನ ಕಂದಕವಾಗಿರಲಿ. ಅರಿಸ್ಟಾಟಲ್ ಬೆರಳಿನ ಮಾತನ್ನು ಕನಸುಗಳ ಕುರಿತ ಕಿರುಗ್ರಂಥದಲ್ಲಿ ಹೇಳುವಾಗಲೇ ಇದನ್ನು ಮುಟ್ಟಿದ್ದಾನೆ: ಬೆರಳಿಗೆ ಎರಡೆನಿಸಿದರೂ ನಾವು ಎರಡೆಂದು ಒಪ್ಪುವುದಿಲ್ಲ, ಕಣ್ಣಿನ ಮಾತು ಹೆಚ್ಚು ನಡೆಯುತ್ತದೆ. ತೋರುವುದು ಬೇರೆ, ನಂಬುವುದು ಬೇರೆ.

ಇದನ್ನು ಕಣ್ಣಿಗೆ ಕಟ್ಟುವಂತೆ ಮಾಡಲು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಹ್ಯೂಮ್‌ನ ಮೇಜು ಒಳ್ಳೆಯದು. 1748ರ ಗ್ರಂಥದ ಹನ್ನೆರಡನೇ ವಿಭಾಗದಲ್ಲಿ ಆತ ಹೇಳುವುದು: ದೂರ ಸರಿದಂತೆ ಮೇಜು ಚಿಕ್ಕದಾಗಿ ಕಾಣುತ್ತದೆ, ನಿಜವಾದ ಮೇಜು ಬದಲಾಗಿಲ್ಲ, ಆದ್ದರಿಂದ ಮನಸ್ಸಿನ ಎದುರು ಇದ್ದದ್ದು ಮೇಜಿನ ಪ್ರತಿಬಿಂಬ ಮಾತ್ರ. ಅದೇ ನಾಡಿನ ಥಾಮಸ್ ರೀಡ್ 1785ರಲ್ಲಿ ಉತ್ತರ ಕೊಟ್ಟ. ಅದನ್ನು ಕಾರಿಡಾರಿನಲ್ಲಿ ಮಾಡಿ ನೋಡಬಹುದು.

30 ಸೆಂ.ಮೀ. ಸ್ಕೇಲಿಗೆ ಸರಿಯಾಗಿ 50 ಸೆಂ.ಮೀ. ದಾರ ಕಟ್ಟಿ. ದಾರದ ಇನ್ನೊಂದು ತುದಿಯನ್ನು ಕಣ್ಣಿನ ಕೆಳಗೆ ಕೆನ್ನೆಗೆ ಒತ್ತಿ ಹಿಡಿದು, ದಾರ ಬಿಗಿಯಾಗುವಂತೆ ಸ್ಕೇಲನ್ನು ನೆಟ್ಟಗೆ ಎದುರು ಹಿಡಿಯಬೇಕು, ಒಂದು ಕಣ್ಣು ಮುಚ್ಚಿರಬೇಕು. 160 ಸೆಂ.ಮೀ. ಎತ್ತರದ ಒಬ್ಬರನ್ನು 4 ಮೀಟರ್ ದೂರ ನಿಲ್ಲಿಸಿದರೆ ಸ್ಕೇಲಿನ ಮೇಲೆ 20 ಸೆಂ.ಮೀ. ಬರುತ್ತದೆ. 8 ಮೀಟರಿಗೆ 10, 16 ಮೀಟರಿಗೆ 5. ದಾರ ಇಲ್ಲದೆ ಕೈ ಚಾಚಿ ಅಳೆದರೆ ಮೊಣಕೈ ಮಡಿಚಿ ಲೆಕ್ಕ ಕೆಡುತ್ತದೆ. ಎರಡೂ ಕಣ್ಣು ತೆರೆದಿದ್ದರೆ ಸ್ಕೇಲೇ ಎರಡಾಗಿ ಕಾಣುತ್ತದೆ.

ರೀಡ್ ಹೇಳುವುದು ಇಷ್ಟೇ: ನಿಜವಾದ, ಬದಲಾಗದ ವ್ಯಕ್ತಿಯನ್ನು ದೂರದಿಂದ ನೋಡಿದಾಗ ತೋರುವ ಗಾತ್ರ ಹೀಗೆಯೇ ಕುಗ್ಗಬೇಕೆಂದು ರೇಖಾಗಣಿತ ಮೊದಲೇ ಹೇಳಿತ್ತು, ಹಾಗೆಯೇ ಕುಗ್ಗಿತು. ಹಾಗಾದರೆ ಇದು ನಾವು ನಿಜವಾದ ವ್ಯಕ್ತಿಯನ್ನೇ ನೋಡುತ್ತಿದ್ದೇವೆ ಎಂಬುದರ ಪರವಾದ ಸಾಕ್ಷಿ, ವಿರುದ್ಧದ್ದಲ್ಲ. ಕುಗ್ಗದೇ ಇದ್ದಿದ್ದರೆ ಅನುಮಾನ ಪಡಬೇಕಿತ್ತು.

ಇನ್ನೊಂದು ಪ್ರಶ್ನೆಯನ್ನೂ ಕೇಳಿ. ಸ್ಕೇಲು ಕೆಳಗಿಟ್ಟು ಬರಿಗಣ್ಣಲ್ಲಿ ನೋಡಿದರೆ, 8 ಮೀಟರಿನಲ್ಲಿ ನಿಂತವರು 4 ಮೀಟರಿನಲ್ಲಿ ಇದ್ದದ್ದರ ಅರ್ಧ ಎತ್ತರ ಕಾಣುತ್ತಾರೆಯೇ? ಯಾರೂ ಹೌದೆನ್ನುವುದಿಲ್ಲ. ದೂರವನ್ನು ಲೆಕ್ಕಕ್ಕೆ ತಂದು ಗಾತ್ರವನ್ನು ಹೆಚ್ಚುಕಡಿಮೆ ಸ್ಥಿರವಾಗಿ ಉಳಿಸುವುದು ನಮ್ಮ ನೋಟದ ಸ್ವಭಾವ. ಅಂದರೆ "ಚಿಕ್ಕದಾಗಿ ಕಾಣುತ್ತದೆ" ಎಂಬ ಹ್ಯೂಮ್‌ನ ಮೊದಲ ಹೆಜ್ಜೆಯೇ ಅಷ್ಟು ಗಟ್ಟಿಯಲ್ಲ.

ಹೇಮಾವತಿ ದಂಡೆ:

ತುಂಬಾ ಉಪಯೋಗವಾಯಿತು. ಚ ಅನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಇನ್ನೆರಡು ಸಂಶಯ. ನೀರಿನಲ್ಲಿ ಅರ್ಧ ಅದ್ದಿದ ಕೋಲು ಮುರಿದಂತೆ ಕಾಣುವುದನ್ನೂ ಸೇರಿಸಲೇ? ಮತ್ತೆ ಮಾಲಿನೋ ಪ್ರಶ್ನೆ (ಹುಟ್ಟುಕುರುಡರಿಗೆ ದೃಷ್ಟಿ ಬಂದರೆ ಗೋಳ, ಘನಗಳನ್ನು ನೋಡಿಯೇ ಗುರುತಿಸುತ್ತಾರೆಯೇ ಎಂಬುದು). ಅದಕ್ಕೆ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಮಾಡಿಸಬಹುದೇ?

ತರ್ಕದ ತಂಟೆ:

ಕೋಲು ಸೇರಿಸಿ, ಆದರೆ ಜೊತೆಗೆ ಮೊಬೈಲ್ ಕ್ಯಾಮೆರಾ ಇರಲಿ. ಚೌಕಾಕಾರದ ಗಾಜಿನ ಡಬ್ಬಿ ಒಳ್ಳೆಯದು, ದುಂಡು ಲೋಟ ಪೆನ್ಸಿಲನ್ನು ದಪ್ಪ ಮಾಡಿ ಇನ್ನೊಂದು ತೋರಿಕೆಯನ್ನು ತಂದು ಹಾಕುತ್ತದೆ. ಪೆನ್ಸಿಲನ್ನು ಓರೆಯಾಗಿ ಇಟ್ಟು ಮೇಲಿನಿಂದ ಓರೆಯಾಗಿ ಫೋಟೋ ತೆಗೆಯಿರಿ. ಫೋಟೋದಲ್ಲೂ ಪೆನ್ಸಿಲ್ ಮುರಿದೇ ಇರುತ್ತದೆ. ಪಕ್ಕದಲ್ಲಿ ಮ್ಯೂಲರ್-ಲಯರ್ ಗೆರೆಗಳನ್ನು ಬರೆಯಿರಿ (1889ರದ್ದು, ಒಂದರ ತುದಿಗಳಲ್ಲಿ ಬಾಣದ ರೆಕ್ಕೆ ಒಳಮುಖ, ಇನ್ನೊಂದರಲ್ಲಿ ಹೊರಮುಖ). ಗೆರೆ 20 ಸೆಂ.ಮೀ., ರೆಕ್ಕೆ 5 ಸೆಂ.ಮೀ. ಇದ್ದರೆ ಹಿಂದಿನ ಬೆಂಚಿಗೂ ಕಾಣುತ್ತದೆ. ಅದನ್ನು ಎದುರಿನಿಂದ ನೇರವಾಗಿ ಫೋಟೋ ತೆಗೆದು ಸ್ಕೇಲಿಟ್ಟು ಅಳೆದರೆ ಎರಡೂ ಸಮ, ಆದರೂ ಅದೇ ಫೋಟೋ ನೋಡಿದವರಿಗೆ ಒಂದು ಉದ್ದ ಕಾಣುತ್ತದೆ. ಮೂರು ಬೇಸಿನ್ನಿನದ್ದಂತೂ ಫೋಟೋಗೆ ಸಿಗುವಂಥದ್ದೇ ಅಲ್ಲ.

ಮೂರೂ ಭ್ರಮೆ ಎಂಬ ಒಂದೇ ಚೀಟಿ ಅಂಟಿಸಿಕೊಂಡಿವೆ, ಒಂದಕ್ಕೊಂದು ಸಂಬಂಧವಿಲ್ಲ. ಕೋಲಿನ ಬಾಗು ಬೆಳಕಿನ ದಾರಿಯಲ್ಲಿದೆ, ಮನಸ್ಸಿನಲ್ಲಿ ಅಲ್ಲ. ಇಂಗ್ಲಿಷ್ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್‌ನ ಉಪನ್ಯಾಸಗಳು ಆತ ತೀರಿಹೋದ ಎರಡು ವರ್ಷಕ್ಕೆ, 1962ರಲ್ಲಿ, ಪುಸ್ತಕವಾಗಿ ಬಂದವು. ಅಲ್ಲಿ ಆತ ಬೆರಳಿಡುವುದು ಇಲ್ಲಿಯೇ: ಕೋಲು ನೇರವಾಗಿದ್ದರೆ ಎಲ್ಲಿಟ್ಟರೂ ನೇರವಾಗಿಯೇ ಕಾಣಬೇಕು ಎಂದು ಹೇಳಿದವರು ಯಾರು? ನೀರು ಕಾಣದಂತೇನೂ ಇಲ್ಲವಲ್ಲ. ನೀರಿನಲ್ಲಿ ಅರ್ಧ ಮುಳುಗಿದ ನೇರ ಕೋಲು ಹೇಗೆ ಕಾಣಬೇಕೋ ಹಾಗೆಯೇ ಕಾಣುತ್ತಿದೆ. ಒಂದು ವಿಶೇಷ ಪ್ರಕರಣದಿಂದ "ಎಲ್ಲ ಗ್ರಹಿಕೆಯೂ" ಎಂದು ಜಿಗಿಯುವ ಪ ಮೇಲೂ ಆತನ ಕೋಪ ಕಡಿಮೆಯಿಲ್ಲ.

ಆಸ್ಟಿನ್‌ನಿಂದ ಎಲ್ಲವೂ ಇತ್ಯರ್ಥವಾಯಿತು ಎಂದೇನೂ ಹೇಳಬೇಡಿ. ಎದುರಿಗೆ ಏನೂ ಇಲ್ಲದೆ ಕಾಣುವ ಮತಿಭ್ರಮೆಯ ಪ್ರಕರಣ ನೇರ ವಾಸ್ತವವಾದಿಗೆ (ನಾವು ವಸ್ತುಗಳನ್ನೇ ನೇರವಾಗಿ ಗ್ರಹಿಸುತ್ತೇವೆ ಎನ್ನುವವನಿಗೆ) ಇವತ್ತಿಗೂ ಕಷ್ಟ ಕೊಡುತ್ತದೆ, ಕೋಲಿಗಿಂತ ಹೆಚ್ಚು.

ಗಿರಿಯ ಗಾಳಿ:

ಮಾಲಿನೋಗೆ ಬಟ್ಟೆ ಕಟ್ಟಿಸಬೇಡಿ. ಆ ವಿದ್ಯಾರ್ಥಿ ಹುಟ್ಟಿದಾಗಿನಿಂದ ಕಣ್ಣು, ಕೈ ಎರಡನ್ನೂ ಜೋಡಿಸಿಕೊಂಡೇ ಬೆಳೆದವನು. ಬಟ್ಟೆ ಬಿಚ್ಚಿದ ಕೂಡಲೇ ಗುರುತಿಸುತ್ತಾನೆ, ತರಗತಿಯವರೆಲ್ಲ ಉತ್ತರ "ಹೌದು" ಎಂದುಕೊಂಡು ಹೋಗುತ್ತಾರೆ. ಪ್ರಶ್ನೆ ಇದ್ದದ್ದೇ ಆ ಜೋಡಣೆ ಅನುಭವದಿಂದ ಬಂದದ್ದೋ ಅಲ್ಲವೋ ಎಂದು. ಇದನ್ನು ಬಾಯಿಮಾತಲ್ಲೇ ಹೇಳಿ, ಮತ ಹಾಕಿಸಿ.

ವಿವರ ಹೀಗಿದೆ. ಡಬ್ಲಿನ್ನಿನ ವಿಲಿಯಂ ಮಾಲಿನೋ 1688ರಲ್ಲಿ ಕೇಳಿದ ಪ್ರಶ್ನೆ, ಲಾಕ್ ಅದನ್ನು 1694ರ ಎರಡನೇ ಆವೃತ್ತಿಗೆ ಸೇರಿಸಿದ. ಇಬ್ಬರದೂ ಉತ್ತರ ಇಲ್ಲ. 1709ರಲ್ಲಿ ಬಾರ್ಕ್ಲಿಯದೂ ಇಲ್ಲವೇ. ಲೈಬ್ನಿಟ್ಸ್ ಮಾತ್ರ ಒಂದು ಷರತ್ತಿನ ಮೇಲೆ ಹೌದೆಂದ: ಎದುರಿಗಿರುವವು ಒಂದು ಗೋಳ, ಒಂದು ಘನ ಎಂದು ಮೊದಲೇ ತಿಳಿಸಿದ್ದರೆ, ಮೂಲೆಗಳಿವೆಯೋ ಇಲ್ಲವೋ ಎಂಬುದರ ಮೇಲೆ ಯೋಚಿಸಿ ಹೇಳಬಹುದು.

ಇದಕ್ಕೆ ಪ್ರಯೋಗದ ಉತ್ತರ ನಮ್ಮ ದೇಶದಿಂದಲೇ ಬಂತು. ದೆಹಲಿಯಲ್ಲಿ ಪವನ್ ಸಿನ್ಹಾ ಅವರ ಪ್ರಕಾಶ್ ಯೋಜನೆಯಡಿ ಕಣ್ಣಿನ ಶಸ್ತ್ರಚಿಕಿತ್ಸೆಯಾದ, 8ರಿಂದ 17 ವರ್ಷದ ಐವರನ್ನು ಬೇಗನೇ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋಡಿದ್ದನ್ನು ನೋಡಿ, ಮುಟ್ಟಿದ್ದನ್ನು ಮುಟ್ಟಿ ಹೊಂದಿಸುವಾಗ 90 ಪ್ರತಿಶತಕ್ಕೂ ಮೇಲೆ ಸರಿ. ಮುಟ್ಟಿದ್ದನ್ನು ನೋಡಿ ಹೊಂದಿಸಿ ಎಂದಾಗ 58, ನಾಣ್ಯ ಚಿಮ್ಮಿದರೆ ಬರುವ 50ರ ಹತ್ತಿರ. ದಿನಗಳು ಕಳೆದಂತೆ ಅದು ಬೇಗ ಸುಧಾರಿಸಿತು. ಲಾಕ್ ಗೆದ್ದ ಎಂದು ಬರೆದವರು ಬಹಳ ಜನ. ಆದರೆ ಹೊಸದಾಗಿ ದೃಷ್ಟಿ ಬಂದ ಕಣ್ಣು ಘನರೂಪವನ್ನೇ ಸರಿಯಾಗಿ ಹಿಡಿಯದಿದ್ದರೆ ಸೋತದ್ದು ನೋಟವೋ ಜೋಡಣೆಯೋ ಎಂಬ ಆಕ್ಷೇಪವಿದೆ, ಅದು ಹಗುರವಾದದ್ದಲ್ಲ.

ಘಾಟಿ ಪ್ಯಾಸೆಂಜರ್ (ಸಕಲೇಶಪುರ):

ಜ್ಞಾನದ ವ್ಯಾಖ್ಯೆಯನ್ನು ಕೈಬಿಡಬೇಡಿ, ಕೊನೆಯ 25 ನಿಮಿಷಕ್ಕೆ ಅದೇ ಸರಿ. ಕಾಂಟ್‌ನನ್ನು ಮಾತ್ರ ಇದರೊಳಗೆ ತುರುಕಬೇಡಿ, ಅವನಿಗೆ ಇನ್ನೊಂದು ದಿನ ಬೇಕು.

ಗೋಡೆ ಗಡಿಯಾರ ತನ್ನಿ, ಸೆಲ್ ತೆಗೆದಿಟ್ಟು. ನೀವು ಪ್ರಶ್ನೆ ಕೇಳಲಿರುವ ಹೊತ್ತಿಗೆ ಮುಳ್ಳು ತಿರುಗಿಸಿಡಿ, 3.25 ಎಂದುಕೊಳ್ಳಿ. ಮೊಬೈಲು, ಕೈಗಡಿಯಾರ ಎಲ್ಲ ಬ್ಯಾಗಿಗೆ. ಸರಿಯಾಗಿ 3.25ಕ್ಕೆ ಒಬ್ಬರನ್ನು ಗಂಟೆ ಎಷ್ಟೆಂದು ಕೇಳಿ. "ಮೂರೂ ಇಪ್ಪತ್ತೈದು" ಎನ್ನುತ್ತಾರೆ. ನಿಜವೇ? ನಿಮ್ಮ ಮೊಬೈಲ್ ತೋರಿಸಿ, ನಿಜ. ನಂಬಿದ್ದರೇ? ಹೌದು. ಗೋಡೆ ಗಡಿಯಾರ ನೋಡಿ ಗಂಟೆ ಹೇಳುವುದು ತಕ್ಕ ಆಧಾರವೇ? ಈ ಮೂರಕ್ಕೂ ಕೈ ಎತ್ತಿಸಿ, ಬೋರ್ಡಿನಲ್ಲಿ ಬರೆದ ಮೇಲೆ ಮಾತ್ರ ಗಡಿಯಾರ ಇಳಿಸಿ ಖಾಲಿ ಸೆಲ್ ಜಾಗ ತೋರಿಸಿ. ಮೊದಲೇ ತೋರಿಸಿದರೆ "ಆಧಾರವೇ ಸರಿಯಿರಲಿಲ್ಲ" ಎಂದು ಜಾರಿಕೊಳ್ಳುತ್ತಾರೆ. ನಿಂತ ಗಡಿಯಾರದ ಉದಾಹರಣೆ ರಸೆಲ್‌ನದು, 1948. ಸತ್ಯ, ನಂಬಿಕೆ, ಸಮರ್ಥನೆ ಮೂರೂ ಇದ್ದೂ ಜ್ಞಾನವಲ್ಲ ಎಂದು ಮೂರೇ ಪುಟದಲ್ಲಿ ತೋರಿಸಿ ಎಲ್ಲರನ್ನೂ ಎಬ್ಬಿಸಿದ್ದು ಎಡ್ಮಂಡ್ ಗೆಟಿಯರ್, 1963.

ಎರಡು ಕಡೆ ಎಚ್ಚರ. ಆ ಮೂರರ ವ್ಯಾಖ್ಯೆಯನ್ನು ಪ್ಲೇಟೋನದು ಎಂದು ಒಪ್ಪಿಸಬೇಡಿ. ಥಿಯಟೀಟಸ್ ಸಂವಾದದಲ್ಲಿ ಅಂಥದ್ದು ಬರುತ್ತದೆ, ಆದರೆ ಅದನ್ನೂ ತಿರಸ್ಕರಿಸಿ ಉತ್ತರವಿಲ್ಲದೆ ಸಂವಾದ ಮುಗಿಯುತ್ತದೆ. ಇನ್ನೊಂದು, ಬೇಸಿನ್ ಮತ್ತು ಗಡಿಯಾರವನ್ನು ಬೆರೆಸಬೇಡಿ. ಬೇಸಿನ್ನಿನಲ್ಲಿ ತೋರಿಕೆ ತಪ್ಪಿತ್ತು. ಗಡಿಯಾರದಲ್ಲಿ ನಂಬಿದ್ದು ಸರಿಯೇ ಇತ್ತು, ಸರಿಯಾದದ್ದು ಅದೃಷ್ಟದಿಂದ.

ಇಂಥ ಉದಾಹರಣೆ ಪಶ್ಚಿಮದವರದೇ ಅಲ್ಲ. ಎಂಟನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರನಲ್ಲಿ ಹುಳಗಳ ದಂಡನ್ನು ದೂರದಿಂದ ಹೊಗೆಯೆಂದು ನೋಡಿ ಅಲ್ಲಿ ಬೆಂಕಿಯಿದೆ ಎಂದುಕೊಳ್ಳುವವನು ಬರುತ್ತಾನೆ. ಬೆಂಕಿ ನಿಜಕ್ಕೂ ಇದೆ, ಮಾಂಸ ಸುಡಲು ಆಗಷ್ಟೇ ಹಚ್ಚಿದ್ದು, ಹೊಗೆ ಇನ್ನೂ ಎದ್ದಿಲ್ಲ.

ಸಮಯ ಉಳಿದರೆ ಆಲ್ವಿನ್ ಗೋಲ್ಡ್‌ಮನ್‌ನ 1976ರ ಉದಾಹರಣೆ. ಮೂಲದಲ್ಲಿ ಕೊಟ್ಟಿಗೆಗಳ ಪೊಳ್ಳು ಮುಂಭಾಗಗಳು, ನಮ್ಮಲ್ಲಿ ಸಿನಿಮಾ ಸೆಟ್ ಮಾಡಿಕೊಳ್ಳಿ: ಘಾಟಿ ರಸ್ತೆಯ ಬದಿಯಲ್ಲಿ ಹೆಂಚಿನ ಮನೆಗಳ ಮುಂಗೋಡೆಗಳನ್ನು ಮಾತ್ರ ಸಾಲಾಗಿ ನಿಲ್ಲಿಸಿದ್ದಾರೆ, ನಡುವೆ ಒಂದೇ ಒಂದು ನಿಜವಾದ ಮನೆ. ಬಸ್ಸಿನಲ್ಲಿ ಹೋಗುವವರು ಆಕಸ್ಮಿಕವಾಗಿ ಅದನ್ನೇ ನೋಡಿ "ಅದು ಮನೆ" ಎಂದುಕೊಂಡರು. ಅವರಿಗೆ ಅದು ಗೊತ್ತಿತ್ತೇ? ಗಡಿಯಾರದಂತೆ ಇಲ್ಲಿ ನೋಡಿದ ವಸ್ತು ಕೆಟ್ಟಿಲ್ಲ, ನೋಟವೂ ಸರಿ, ಕೆಟ್ಟದ್ದು ಸುತ್ತಲಿನದು. ಗಡಿಯಾರಕ್ಕೆ ಬಹುಪಾಲು ಜನ "ಗೊತ್ತಿರಲಿಲ್ಲ" ಎನ್ನುತ್ತಾರೆ, ಇಲ್ಲಿ ತರಗತಿ ಒಡೆಯುತ್ತದೆ. ತತ್ತ್ವಜ್ಞಾನಿಗಳೂ ಒಡೆದಿದ್ದಾರೆ, ಒಂದು ಕಡೆಗೆ ಎಳೆಯಬೇಡಿ.

ಹೇಮಾವತಿ ದಂಡೆ:

ನನ್ನ ಬಳಿ ಇರುವ ಗಡಿಯಾರಕ್ಕೆ ಸೆಕೆಂಡ್ ಮುಳ್ಳಿದೆ. ಅದು ಅಲ್ಲಾಡದಿದ್ದರೆ ಗೊತ್ತಾಗಿಬಿಡುವುದಿಲ್ಲವೇ?

ಘಾಟಿ ಪ್ಯಾಸೆಂಜರ್:

ಗೊತ್ತಾಗುತ್ತದೆ, ಮುಂದಿನ ಬೆಂಚಿನವರು ಖಂಡಿತ ಹಿಡಿಯುತ್ತಾರೆ. ಮುಂದಿನ ಗಾಜು ತೆಗೆದು, ಸೆಕೆಂಡ್ ಮುಳ್ಳನ್ನು ನಡುವಿನಲ್ಲಿ ಎರಡು ಉಗುರಿನಿಂದ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯಿರಿ, ಅದು ಬರೀ ಒತ್ತಿ ಕೂರಿಸಿದ್ದು. ಕಮ್ಮಟ ಮುಗಿದ ಮೇಲೆ ಮತ್ತೆ ಒತ್ತಿದರಾಯಿತು. ತಿರುಚಿ ಎಳೆದರೆ ಅಚ್ಚು ಬಾಗುತ್ತದೆ.